ಎಣಿಕೆ ತಪ್ಪುವ ತನಕ

ರಿವರ್ಬ್ ಪೆಡಲ್ಲಿಗೆ ದುಡ್ಡಿಲ್ಲ.
ಇರುವುದು ಡಿಲೇ ಒಂದೇ, ಹಸಿರು ಡಬ್ಬಿ,
ಟ್ರೋಮ್ಸೋದಿಂದ ಅಂಚೆಯಲ್ಲಿ ಬಂದದ್ದು.
ಹಿಂದಿನ ಯಜಮಾನ ಅಂಟಿಸಿದ ಚೀಟಿ
ಬೆನ್ನ ಮೇಲೆ ಇನ್ನೂ ಇದೆ:
ನಡುವಿನ ಗುಂಡಿಯನ್ನು ಪೂರ್ತಿ ತಿರುಗಿಸಬೇಡ.

ನಾವು ನುಡಿಸುವುದು ಮುಚ್ಚಿದ ಮೀನು ಕಾರ್ಖಾನೆಯಲ್ಲಿ,
ಹೆಂಗಸರು ಬಟ್ಟೆ ಬದಲಿಸುತ್ತಿದ್ದ ಕೋಣೆ.
ಗಾಳಿ ನುಸುಳದಿರಲೆಂದು ಗೋಡೆಗೆಲ್ಲ ಕಂಬಳಿ ಹೊಡೆದೆವು.
ಕಂಬಳಿ ಗಾಳಿಯನ್ನು ತಡೆಯಿತು,
ಸ್ವರವನ್ನೂ ನುಂಗಿತು.
ಇಲ್ಲಿ ತಂತಿ ಮೀಟಿದರೆ
ಹಿಟ್ಟಿನ ಮೂಟೆಯ ಮೇಲೆ ಚಮಚ ಬಿದ್ದ ಹಾಗೆ.
ಹೊರಗೆ ವಾರ್ಡೊ. ಸೂರ್ಯ ಹೋಗಿ ಮೂರು ವಾರ,
ಬರಲು ಇನ್ನೂ ಐದು.

ಸುನ್ನಿವಾಗೆ ಬೇಕಾದದ್ದು ಚರ್ಚಲ್ಲ, ಸಭಾಂಗಣವಲ್ಲ.
ದಿಬ್ಬದ ಮೇಲಿತ್ತಲ್ಲ, ಹೆರಿಂಗ್ ಎಣ್ಣೆಯ ಟ್ಯಾಂಕು,
ಖಾಲಿ, ತುಕ್ಕು ಹಿಡಿದದ್ದು,
ತಳದ ಕಿಂಡಿಯಲ್ಲಿ ತೆವಳಿ ಒಳಹೋದರೆ
ಒಬ್ಬನ ಕೆಮ್ಮು ಹನ್ನೊಂದು ಎಣಿಸುವ ತನಕ ಸುತ್ತುತ್ತಿತ್ತು.
ಅವಳ ಮೊದಲ ಮುತ್ತೂ ಅಲ್ಲೇ ಆದದ್ದು.
ಆ ಸದ್ದೂ ಹನ್ನೊಂದು ಸಲ ಕೇಳಿತೆಂದರೆ
ಡ್ರಮ್ಮಿನ ಯುಹಾನ ಈಗಲೂ ಕೆಂಪಾಗುತ್ತಾನೆ.
ಹೋದ ಬೇಸಿಗೆಯಲ್ಲಿ ಗ್ಯಾಸಿನ ಬೆಂಕಿ ತಂದು
ಹೋಳು ಹೋಳಾಗಿ ಕೊಯ್ದು ಹಡಗಿಗೆ ತುಂಬಿದರು.
ಕಬ್ಬಿಣಕ್ಕೆ ಕಿಲೋ ಲೆಕ್ಕ.
ಒಳಗಿದ್ದುದಕ್ಕೆ ಯಾರೂ ತಕ್ಕಡಿ ತರಲಿಲ್ಲ.

ಈಗ ಮೂರು ಗುಂಡಿ:
ಎಷ್ಟು ಹೊತ್ತಿಗೆ ಹಿಂತಿರುಗಬೇಕು,
ಎಷ್ಟು ಸಲ,
ಎಷ್ಟು ಗಟ್ಟಿಯಾಗಿ.
ಸಾಲ ಕೊಡುವಾಗ ಬ್ಯಾಂಕಿನವನು ಕೇಳಿದ್ದೂ ಇವನ್ನೇ,
ಕೊನೆಯದೊಂದನ್ನು ಬಿಟ್ಟು.

ಅರ್ಧ ಸೆಕೆಂಡಿಗಿಟ್ಟಳು.
ಒಂದು, ಎರಡು, ಮೂರು,
ತನ್ನನ್ನು ತಾನೇ ಅಣಕಿಸುವ ಸ್ವರ.
ಎಣಿಸಲು ಬಂದರೆ ಅದು ಬರೀ ಮಾರ್ದನಿ, ಅಂದಳು,
ಕೋಣೆಗೆ ಲೆಕ್ಕ ಬರುವುದಿಲ್ಲ.
ಇಳಿಸಿದಳು. ಇನ್ನೂ ಇಳಿಸಿದಳು.
ಹೊತ್ತು ಸಣ್ಣದಾದಂತೆ ಗೋಡೆಗಳು ಹತ್ತಿರ ಬಂದವು,
ಕಂಬಳಿಯ ಈ ಗೋಡೆಗಳಲ್ಲ,
ಇವುಗಳ ಹಿಂದೆ ಎಲ್ಲೋ ಇಲ್ಲದ ಇನ್ನೊಂದು.
ನಲವತ್ತು ಮಿಲಿಸೆಕೆಂಡಿನಲ್ಲಿ ಕೈ ನಿಂತಿತು.
ಏಳು ಮೀಟರು ಹೋಗಿ ಏಳು ಮೀಟರು ಬರುವಷ್ಟು ಹೊತ್ತು.
ಸಲವನ್ನು ಹೆಚ್ಚಿಸಿ, ಗಟ್ಟಿಯನ್ನು ತಗ್ಗಿಸಿ,
ಗಿಟಾರಿನ ಟೋನನ್ನು ಅರ್ಧ ಮುಚ್ಚಿ,
ಪಿಕ್ ಬದಿಗಿಟ್ಟು ಹೆಬ್ಬೆರಳ ಮಾಂಸದಿಂದ ಮೀಟಿ,
ವಾಲ್ಯೂಮನ್ನು ಕಿರುಬೆರಳಲ್ಲಿ ಮೆಲ್ಲಗೆ ಎತ್ತಿದಳು,
ಸ್ವರಕ್ಕೆ ಹುಟ್ಟಿದ ಗಳಿಗೆಯೇ ಇಲ್ಲದಂತೆ.
ಒಂದರ ಬಾಲ ಇನ್ನೊಂದರ ಬಾಯಲ್ಲಿ,
ಅದರ ಬಾಲ ಮತ್ತೊಂದರ,
ನನ್ನ ಬೇಸಿನ ಕೆಳಗಿನ ನೆಲ ಸ್ವಲ್ಪ ತಗ್ಗಿತು.

ತಗಡು, ಅಂದ ಯುಹಾನ. ಬರೀ ತಗಡಿನ ಸದ್ದು.
ನಿಜವೇ. ಒಂದು ಗುಂಯ್ ಎಲ್ಲ ಸ್ವರಗಳ ಹಿಂದೆ ಹತ್ತಿಕೊಂಡು
ಮೂಗಿನಲ್ಲಿ ಹಾಡುತ್ತಿತ್ತು.
ಒಳ್ಳೆಯ ರಿವರ್ಬಿನಲ್ಲಿ ಇದಿರುವುದಿಲ್ಲ,
ಸಾವಿರ ಗೋಡೆಗಳು ಸಾವಿರ ಹೊತ್ತಿಗೆ ಮರಳುತ್ತವೆ,
ಇಲ್ಲಿ ಒಂದೇ ಗೋಡೆ, ದುಂಡಗೆ.

ದುಂಡಗೆ.

ಅವಳು ಉತ್ತರ ಕೊಡಲಿಲ್ಲ.
ಗಿಟಾರಿನ ವೈರನ್ನು ಕಿತ್ತು
ಹಾಡುವ ಮೈಕನ್ನು ಹಸಿರು ಡಬ್ಬಿಗೆ ಚುಚ್ಚಿ
ಒಮ್ಮೆ ಕೆಮ್ಮಿದಳು.
ಏಳಕ್ಕೆ ಆರಿತು.
ಸಾಲದು, ಎಂದು ನಡುವಿನ ಗುಂಡಿಯನ್ನು
ಚೀಟಿ ಬೇಡವೆಂದ ಕಡೆಗೆ ಒಂದು ಕೂದಲೆಳೆಯಷ್ಟು ದಾಟಿಸಿದಳು.
ಮುಂದಿನ ಕೆಮ್ಮು ಸಾಯಲು ಒಪ್ಪಲಿಲ್ಲ.
ಸುತ್ತಿತು, ಉಬ್ಬಿತು, ಮುಖ ಮರೆತು ಊಳಿಟ್ಟಿತು.
ಕೆಳಗಿನಿಂದ ಕಾವಲಿನ ತೊರ್ಲೈಫ್ ಬೈದದ್ದು
ನಮಗೆ ಕೇಳಲಿಲ್ಲ, ಕೇಳಿದ್ದು ಆಮೇಲೆ,
ಅವಳು ಗುಂಡಿಯನ್ನು ಅರ್ಧ ಎಳೆ ಹಿಂದಕ್ಕೆ ತಂದಾಗ
ಊಳು ಬಸವಳಿದು ನಿಂತಾಗ
ಪೊರಕೆಯ ಹಿಡಿಯಿಂದ ಅವನು ಸೂರಿಗೆ ಕೊಟ್ಟ
ಒಂದೇ ಗುದ್ದು.

ಮೈಕು ಅದನ್ನೂ ಎತ್ತಿಕೊಂಡಿತು.
ಗುದ್ದು ಹೊರಟಿತು, ಕಬ್ಬಿಣಕ್ಕೆ ತಗುಲಿತು, ಬಂತು, ಮತ್ತೆ ಹೊರಟಿತು.
ಯಾರೂ ಅಲುಗಲಿಲ್ಲ. ತುಟಿಯಲ್ಲೇ ಎಣಿಸಿದೆವು.
ಒಂಬತ್ತಕ್ಕೆ ನನ್ನ ಲೆಕ್ಕ ತಪ್ಪಿತು.
ಹನ್ನೊಂದು, ಅಂದ ಯುಹಾನ,
ಕೆಂಪಾಗಿ.