ಬಣ್ಣ ಇಲ್ಲದ ಖಾರ

ಬ್ಯಾಡಗಿ ಕಾಯಿ ಅಂದ್ರ ಬಣ್ಣ ಭಾಳ, ಖಾರ ಕಡಿಮಿ.
ನನ್ನ ಎಡಗೈ ಅದರ ಉಲ್ಟಾ:
ನೋಡಾಕ ಏನೂ ಇಲ್ಲ.
ಗೋದಾಮಿನಾಗ ಚೀಲ ಉರುಳಿ ಮಣಿಕಟ್ಟು ಮುರೀತು,
ಎಲುಬು ಕೂಡ್ತು, ಉರಿ ಕೂತ್ಬಿಡ್ತು.
ಸೆರಗು ತಾಗಿದ್ರ ಕೆಂಡ. ಫ್ಯಾನಿನ ಗಾಳಿನೂ ಕೆಂಡ.
ತೊಟ್ಟು ಬಿಡಸೂದು ತಪ್ಪಸಾಕ ನಾಟಕ ಅಂದ್ರು ಜತಿಯವ್ರು.
ಒಮ್ಮೊಮ್ಮೆ ನಾನಽ ಹಂಗ ಅನ್ಕೊಂಡೆ.

ಹುಬ್ಬಳ್ಳಿ ದವಾಖಾನಿ, ಎರಡನೇ ಮಹಡಿ.
"ಫಕ್ಕೀರವ್ವ, ಹತ್ತರಾಗ ನೋವು ಎಷ್ಟು?"
ಮೂವತ್ತು ವರ್ಷ ಕಾಯಿಗೆ ದರ ಹಚ್ಚೂದು ನೋಡೀನಿ,
ನೋವಿಗೆ ಹಚ್ಚಿದ್ದು ಇದಽ ಮೊದಲು.
ಒಂಬತ್ತು ಅಂದೆ.
ಒಂದು ಉಳಿಸಿಕೊಂಡೆ, ನಾಳಿಗೆ ಇರಲಿ ಅಂತ.

ಕೆಟಮಿನ್ ಹನಿಹನಿ ಇಳೀತು, ನಾಲ್ಕು ತಾಸು.
ಮೊದಲು ನಾಲಿಗಿ ದಪ್ಪಾತು.
ಆಮ್ಯಾಲೆ ಸೂರು ದೂರ ಸರೀತು,
ಸಿಸ್ಟರ್ ಸುಗಂಧಾನ ಮಾತು ಬಾವಿಯೊಳಗಿಂದ ಬಂತು:
"ತೇಲಿದಂಗ ಆಕ್ಕೈತಿ, ಅಂಜಬ್ಯಾಡ."
ಅಂಜಿದೆ.
ಕೈ ಯಾರದೋ ಕೂಸಿನಂಗ ಮಗ್ಗಲಾಗ ಮಲಗಿತ್ತು,
ನಾನು ಕಾಯ್ಕೊಂತ ಇದ್ದೆ.

ಉರಿ ಹೋಗಲಿಲ್ಲ.
ಆಚಿ ಓಣ್ಯಾಗ ಯಾರೋ ಮೆಣಸಿನಕಾಯಿ ಹುರಿದಂಗ:
ಘಾಟು ಐತಿ, ಕಣ್ಣು ಉರಿಯವಲ್ದು.

"ಎಷ್ಟು ದಿನ ಹಿಂಗ ಇರ್ತೈತ್ರಿ?"
ಡಾಕ್ಟರ್‌ಬಾಯಿ ಸುಳ್ಳು ಹೇಳಲಿಲ್ಲ.
ಕೆಲವರಿಗೆ ವಾರ, ಕೆಲವರಿಗೆ ತಿಂಗಳು,
ಕೆಲವರಿಗೆ ಮನಿ ಮುಟ್ಟೂತನಕ.

ಮರುದಿನ ಬಸ್ಸು, ಕಿಡಕಿ ಸೀಟು.
ಕಂಡಕ್ಟರ್ ಮಾರಿ ಎತ್ತದಽ
ಪುಕ್ಕಟೆ ಟಿಕೀಟು ಹರಿದು
ಎಡ ಅಂಗೈಯಾಗ ಇಟ್ಟ.
ಹಲ್ಲು ಕಚ್ಚಿ ಕಾದೆ, ಮೋಟೆಬೆನ್ನೂರು ತನಕ.

ಕಾಗದ.
ಬರೇ ಕಾಗದ.