ಎರಡನೆಯ ರೂಪ

ಏಳು ವರ್ಷ ನಮ್ಮ ಔಷಧ ಸೂಜಿಯಾಗಿಯೇ ಹುಟ್ಟುತ್ತಿತ್ತು,
ವೆರ್ಣಾದ ಜಂಬಿಟ್ಟಿಗೆ ಬಯಲಲ್ಲಿ,
ಗೇರುಮರದ ಬೇಲಿಯೊಳಗೆ, ಉಕ್ಕಿನ ತೊಟ್ಟಿಯಲ್ಲಿ.
ಬಿಸಿ ದ್ರಾವಣ ಗಂಟೆಗೆ ಐದು ಡಿಗ್ರಿಯಂತೆ ಆರಬೇಕು,
ನಲವತ್ತೆರಡಕ್ಕೆ ಇಳಿದಾಗ ಒಂದು ಚಿಟಿಕೆ ಹೆಪ್ಪು.
ಹೌದು, ಹೆಪ್ಪೇ. ವರದಿಯಲ್ಲಿ ಬೇರೆ ಹೆಸರಿದೆ,
ನನ್ನ ಬಾಯಿಗೆ ಬರುವುದು ಇದೇ.
ಮೊಸರು ಹಾಲಿಗೆ ಹೇಳಿಕೊಡುವುದನ್ನೇ
ಹರಳು ದ್ರಾವಣಕ್ಕೂ ಹೇಳಿಕೊಡುತ್ತದೆ:
ಹೀಗೆ ನಿಲ್ಲು, ನನ್ನ ಪಕ್ಕ,
ಈ ಕೋನಕ್ಕೆ ಹೆಗಲು ಕೊಟ್ಟು.

ಸೂಜಿ ಹೊಟ್ಟೆಯಲ್ಲಿ ಬೇಗ ಕರಗುತ್ತಿತ್ತು.
ಫಿಟ್ಸ್ ಬರುವ ಮಗುವಿಗೆ ಬೇಗ ಎಂಬುದೇ ಔಷಧ.

ಕಳೆದ ಶ್ರಾವಣದ ಒಂದು ಮಂಗಳವಾರ
ಸೂಕ್ಷ್ಮದರ್ಶಕದ ಕೆಳಗೆ, ಸೂಜಿಗಳ ನಡುವೆ,
ಒಂದು ಚಪ್ಪಟೆ ಹರಳು.
ಇಲ್ಲಿನ ಹಳೇ ಮನೆಗಳ ಕಿಟಕಿಗೆ ಕೂರಿಸಿದ
ಚಿಪ್ಪಿನ ಬಿಲ್ಲೆಯ ಹಾಗೆ.
ಮೊದಲು ನೋಡಿದವಳು ನಾನೇ. ಚೆಂದವಿದೆ ಅಂದೆ.
ಅದೇ ಅಣು, ಅದೇ ತೂಕ, ಅದೇ ಕಹಿ,
ನಿಂತ ಭಂಗಿ ಮಾತ್ರ ಬೇರೆ.
ಗುರುವಾರಕ್ಕೆ ಅರ್ಧ ತೊಟ್ಟಿ, ಶನಿವಾರಕ್ಕೆ ಇಡೀ ತೊಟ್ಟಿ.
ನೀರಿಗೆ ಹಾಕಿದರೆ ಕರಗದು;
ತಳದಲ್ಲಿ ಕೂತು ನಮ್ಮನ್ನೇ ನೋಡುತ್ತದೆ.

ಕೊಳವೆ ತೊಳೆದೆವು. ಸೋಸುಬಟ್ಟೆ ಸುಟ್ಟೆವು.
ಸೂರಿನ ತನಕ ಗೋಡೆ ಒರೆಸಿದೆವು.
ಸೂಜಿ ಮತ್ತೆ ಬರಲಿಲ್ಲ.
ಒಮ್ಮೆ ಗಟ್ಟಿ ನೆಲೆ ಕಂಡ ಅಣು
ಸೋರುವ ಬಾಡಿಗೆ ಮನೆಗೆ ಯಾಕೆ ಮರಳೀತು?
ಕಾಣದ ಬೀಜ ನನ್ನ ತೋಳಿನಲ್ಲಿ, ಜಡೆಯಲ್ಲಿ,
ಕನ್ನಡಕದ ತಿರುಪಿನಲ್ಲಿ.

ವಾಸ್ಕೋದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಜ್ಜಿ
ಮಡಿಸೀರೆಯನ್ನು ಎತ್ತರದ ಗಳಕ್ಕೆ ಹರವಿ
ಕೋಲಿನಿಂದ ಇಳಿಸಿಕೊಳ್ಳುತ್ತಿದ್ದಳು.
ಶಾಲೆಯಿಂದ ಬಂದವಳು ಬೇಕೆಂದೇ ಮುಟ್ಟಿ ಓಡುತ್ತಿದ್ದೆ,
ಆಕೆ ಬೈಯುತ್ತ ಮತ್ತೆ ಬಚ್ಚಲಿಗೆ.
ಕಣ್ಣಿಗೆ ಕಾಣದ್ದು ಅಂಟುವುದಿಲ್ಲ ಅಜ್ಜೀ, ಎಂದು
ವಿಜ್ಞಾನದ ಪುಸ್ತಕ ಹಿಡಿದು ವಾದಿಸಿದ್ದೆ.
ಪಾಯಿಖಾನೆ ತೊಳೆಯುವ ಯಲ್ಲವ್ವನಿಗೆ
ಹಿತ್ತಲ ಮೆಟ್ಟಿಲಲ್ಲೇ ಚಹಾ ಕೊಡುತ್ತಿದ್ದರಲ್ಲ,
ಅದರ ಬಗ್ಗೆ ವಾದಿಸಿದ ನೆನಪಿಲ್ಲ.

ಈಗ ಬಾತಿಂನಲ್ಲಿ ಹಳೆಯ ಉಪ್ಪಿನ ಗೋದಾಮು ಹಿಡಿದಿದ್ದೇವೆ.
ನಮ್ಮ ಪುಡಿ ಮೆಟ್ಟದ ನೆಲ. ಹೊಸ ಗಾಜು, ಹೊಸ ತಕ್ಕಡಿ.
ಒಳಗೆ ಹೋಗಬಲ್ಲವನು ಬಾಸಿಲಿಯೊ ಒಬ್ಬನೇ,
ಕಾರ್ಖಾನೆಯ ಗೇಟೂ ದಾಟದ ಹೊಸ ಹುಡುಗ,
ಅವನಪ್ಪ ಇದೇ ಆಗರದಲ್ಲಿ ಉಪ್ಪು ಎಳೆದವನು.
ನಾನು ಅಂಗಳದಲ್ಲಿ, ಹನ್ನೆರಡು ಹೆಜ್ಜೆ ದೂರ,
ಮೂರು ಸಲ ಮಿಂದು, ಹೊಸ ಬಟ್ಟೆ ಉಟ್ಟು,
ಆದರೂ ಹನ್ನೆರಡು ಹೆಜ್ಜೆ ದೂರ.

ಎಷ್ಟಾಯಿತು? ಕೂಗುತ್ತೇನೆ.
ನಲವತ್ನಾಲ್ಕು, ಮೇಡಂ.
ಹಾಕಲು ಹೆಪ್ಪು ಉಳಿದಿಲ್ಲ.
ಗಾಜಿನ ಕಡ್ಡಿಯಲ್ಲಿ ಒಳಮೈ ಗೀರು, ಮೆಲ್ಲಗೆ.
ಆ ಕಿರ್ರೆಂಬ ಸದ್ದು ನನ್ನ ಹಲ್ಲಿನ ಬೇರಿಗೆ ಕೇಳುತ್ತದೆ.
ಆಮೇಲೆ ಕೇಳಿಸದು.
ಯಾಕೆ ನಿಲ್ಲಿಸಿದೆ?
ಉಪ್ಪು ಕೂಡುವಾಗ ನೀರು ಕಲಕಬಾರದು ಅಂತಿದ್ದ ಅಪ್ಪ.

ಬಿಸಿಲು. ಬದುವಿನ ಮೇಲೆ ಒಂದು ಬೆಳ್ಳಕ್ಕಿ
ಇನ್ನೊಂದು ಕಾಲನ್ನು ಮರೆತೇಬಿಟ್ಟಿದೆ.

ಮೇಡಂ, ಮಂಜು ಕವಿದ ಹಾಗಾಯ್ತು.
ಈಗ ಕೂದಲು.
ಅಲ್ಲಲ್ಲ, ಸೂಜಿ. ಸೂಜಿ, ಮೇಡಂ!

ಓಡಿಹೋಗುವ ಹಾಗಿರಲಿಲ್ಲ.
ನಿಂತಲ್ಲೇ ಚಪ್ಪಾಳೆ ತಟ್ಟಿದೆ,
ಆಮೇಲೆ ಅಂಗೈ ನೋಡಿಕೊಂಡೆ:
ಗಾಳಿಗೆ ಹೀಗೆ ತಟ್ಟಬಾರದಿತ್ತೇನೋ.

ಹತ್ತು ದಿನ ಸೂಜಿ.
ಹನ್ನೊಂದನೆಯ ದಿನ ಫೋನಿಗೆ ಒಂದು ಚಿತ್ರ,
ಸೂಜಿಗಳ ನಡುವೆ ಚಿಪ್ಪಿನ ಬಿಲ್ಲೆ.
ಯಾರು ಬಂದಿದ್ದರು?
ಯಾರೂ ಇಲ್ಲ.
ಹೊರಗಿನದು ಏನು ಒಳಗೆ ಬಂತು?
ಏನೂ ಇಲ್ಲ ಮೇಡಂ,
ಮೊದಲ ದಿನ ರಿಜಿಸ್ಟರ್ ತುಂಬಲು
ಕಿಟಕಿಯೊಳಗೆ ನೀವು ಎಸೆದ ಪೆನ್ನು ಬಿಟ್ಟರೆ.