ಹೊಳ್ಳಿ ಬಾ

ರಾತ್ರಿ ಎರಡೂವರೆ. ನವನಗರ, ಮೂವತ್ತೊಂದನೇ ಸೆಕ್ಟರ್.
ಡಿಸ್ಕಿಗೂ ಸೆಕ್ಟರ್, ನಮಗೂ ಸೆಕ್ಟರ್.
ಸರ್ವರ್ ಮೂರನೇ ಸಲ ಸತ್ತೈತಿ:
ಡಿಸ್ಕ್ ಕಿತ್ತಾರ; ವಿಳಾಸದಾಗ ‘ನಲ್’ ಅಂತಿದ್ರೂ
ಕೇಳಲಾರದ ಒಳಗ ಕಾಲಿಟ್ಟೈತಿ ಕೋಡು.
ಯಂತ್ರ ಹುಸಿ, ಡಿಸ್ಕೂ ಹುಸಿ,
ಬಿದ್ದದ್ದು ಖರೇ.

ಮುಳುಗಡಿ ವರ್ಷ ಟಪಾಲಿನ ದಾವಲಸಾಬ
ಹಳೇ ಪ್ಯಾಟಿ ಲಕೋಟಿ ಹಿಡಕೊಂಡು
ನೀರಿನ ದಂಡಿತನಕ ಬಂದ.
ಇಳೀಲಿಲ್ಲ.
ಹಿಂದ ತಿರುವಿ ಬರದ: ‘ಮನಿ ಇಲ್ಲ’.
ಸೈಕಲ್ ಹೊಳ್ಳಿಸಿದ.

ನಾನೂ ಅಷ್ಟ ಬರದೆ, ಒಂದ ಸಾಲು:
ಇದ್ದರ ಓದು, ಇಲ್ಲಂದ್ರ ಹೊಳ್ಳಿ ಬಾ.

ಆರು ಹೊಡೀತು. ಸರ್ವರ್ ಬಿದ್ದಿಲ್ಲ.
ಚಿಗವ್ವ ಚಾ ತಂದಿಟ್ಟಳು.
ಆ ಲಕೋಟಿ ಆಕಿದು.
ಒಳಗ ಏನಿತ್ತಂತ
ಇವತ್ತಿಗೂ ಕೇಳ್ತಾಳ.